ಸುಣ್ಣ ಮೆತ್ತಿದ ಕೈ

ಕ್ರಾತೆನ್, ಕೆರ್ಕೆನ್ನಾ ದ್ವೀಪ
೩ ಸೆಪ್ಟೆಂಬರ್ ೧೯೮೬

ಬಡಗಿ ಜುಮಾ ಅವರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಮರ್ಯಾದೆಗಾದರೂ ನೀವು ನನ್ನನ್ನು ಕೇಳಬೇಕಾಗುತ್ತದೆ. ಇಬ್ಬರಿಗೂ ಆ ಕಷ್ಟ ಬೇಡ.

ಇದು ಹಮೂದನ ಹೆಂಡತಿ ಸಲೂಹಾ ಬರೆಯುತ್ತಿರುವುದು. ಅಕ್ಷರ ನೋಡಿ ಕೋಳಿ ಕೆರೆದದ್ದೆಂದು ಬಿಸಾಡಬೇಡಿ. ಎರಡು ಚಳಿಗಾಲ ಶಾಲೆಗೆ ಹೋದವಳು ನಾನು. ಮೂರನೆಯದಕ್ಕೆ ಅಪ್ಪ ಖರ್ಜೂರದ ಗರಿ ಮುಂದೆ ಹಾಕಿ ಮೀನಿನ ಬೇಲಿ ಹೆಣೆಯಲು ಕೂರಿಸಿದ. ಮೊಮ್ಮಗಳು ವಿದಾದ್ "ನೀ ಹೇಳ್ತಾ ಹೋಗಜ್ಜಿ, ನಾ ಬರ್ಕೊಡ್ತೀನಿ" ಅಂದಳು. ಬೇಡವೆಂದೆ. ನಾನು ಯಾರಿಗೆ ಬರೆಯುತ್ತಿದ್ದೇನೆಂದು ಈ ಮನೆಯಲ್ಲಿ ಯಾರಿಗೂ ತಿಳಿಯಬೇಕಿಲ್ಲ. ನಿಮ್ಮ ವಿಳಾಸವನ್ನೂ ನಿಮ್ಮ ಅಕ್ಕನಿಂದ ಕದ್ದುಮುಚ್ಚಿ ತರಿಸಿಕೊಂಡಿದ್ದೇನೆ.

ವಿಷಯ ಇಷ್ಟು. ನಮ್ಮ ದೋಣಿ ನೌರಸ ಸೋರುತ್ತಿದೆ. ತಳದಲ್ಲಲ್ಲ, ದೋಣಿಗೆ ಮೂವತ್ತೈದು ವರ್ಷವಾದರೂ ತಳ ಇವತ್ತಿಗೂ ಗಟ್ಟಿ, ಅದನ್ನು ಅಲ್ಲಗಳೆಯುವುದಿಲ್ಲ. ಸೋರುವುದು ಮೇಲಿನಿಂದ. ಮುಂಭಾಗದಲ್ಲಿ ಗಂಡಸರು ಮಲಗುವ ಗೂಡಿಗೆ ಇಳಿಯುವ ಬಾಯಿ ಇದೆಯಲ್ಲ, ಅದರ ಮುಚ್ಚಳದ ಹತ್ತಿರ. ಮಳೆ ಬಂದರೂ ಅಲ್ಲೇ, ಅಲೆ ಹಾರಿದರೂ ಅಲ್ಲೇ, ಸರಿಯಾಗಿ ತಲೆದಿಂಬಿನ ಮೇಲೆ. ಈ ನಾಲ್ಕು ವರ್ಷದಲ್ಲಿ ಮೂವರು ಬಡಗಿಗಳು ಬಂದುಹೋದರು. ಒಬ್ಬ ರಬ್ಬರ್ ಪಟ್ಟಿ ಹಾಕಿದ. ಇನ್ನೊಬ್ಬ ಕ್ಯಾನ್ವಾಸ್ ಹೊದಿಸಿ ಬಣ್ಣ ಬಳಿದ. ಮೂರನೆಯವನು ಅಮಾರ, ಅವನ ಬಾಯಿ ನಿಮಗೆ ಗೊತ್ತು. "ದೊಡ್ಡಮ್ಮ, ಇನ್ನು ಸಮುದ್ರಾನೇ ತಲೆಕೆಳಗಾದ್ರೂ ಒಂದ್ ಹನಿ ಬೀಳಲ್ಲ" ಎಂದು ಟಾರು ಸುರಿದ. ನಿಜ, ಒಂದು ಹನಿ ಬೀಳಲಿಲ್ಲ. ಧಾರೆಯೇ ಬಿತ್ತು.

ಇಷ್ಟಕ್ಕೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ನನ್ನ ಮಗ ರಿದಾ ಕೆಮ್ಮುತ್ತಿದ್ದಾನೆ. ನನ್ನೆದುರು ಅಡಗಿಸಿಕೊಳ್ಳುತ್ತಾನೆ, ಅಂಗಳಕ್ಕೆ ಹೋಗಿ ಗೋಡೆಗೆ ಕೈಯಿಟ್ಟು ಕೆಮ್ಮುತ್ತಾನೆ. ಆ ಕೆಮ್ಮಿನ ಗುರುತು ನನಗಿದೆ. ಅವನಪ್ಪನಿಗೂ ಅದು ಹತ್ತಿದ್ದು ಅದೇ ಗೂಡಿನಲ್ಲಿ, ಅದೇ ಒದ್ದೆ ಹಾಸಿಗೆಯಲ್ಲಿ. ಅಕ್ಟೋಬರ್ ನಡುವಿಗೆ ಆಕ್ಟೋಪಸ್ ಋತು ಶುರುವಾಗುತ್ತದೆ. ಅವು ಹೊಕ್ಕು ಕೂರುವ ಮಡಕೆಗಳನ್ನು ನೀರಿಗೆ ಇಳಿಬಿಟ್ಟರೆ ಇವನು ಮೂರು ಮೂರು ದಿನ ಅಲ್ಲೇ ಮಲಗುವವನು.

ಕಟ್ಟಿದವರು ನೀವು. ಎಲ್ಲಿ ಕೈ ತಪ್ಪಿದೆಯೆಂದು ನಿಮಗೇ ತಿಳಿದಿರಬೇಕು. ಸರಿಮಾಡುವುದು ಹೇಗೆಂದು ಬರೆದು ಕಳಿಸಿ. ಬರಬೇಕಾಗಿಲ್ಲ.

ಅಂದು ದಕ್ಕೆಯಲ್ಲಿ ಎಲ್ಲರೆದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ. "ನಿನ್ನ ಮುಚ್ಚಳ ನನ್ನ ಗಂಡನನ್ನ ತಿಂತು ಕಣೋ" ಎಂದೆ. ಗಂಡ ಮಣ್ಣು ಸೇರಿ ಏಳನೇ ದಿನ, ಹೊಸಿಲು ದಾಟಬಾರದ ಹೆಂಗಸು ದಾಟಿ ಬಂದು ಹಾಗೆಂದೆ. ಹೌದು, ಅಂದೆ.

ದೋಣಿಯೊಡೆಯ ರಯ್ಸ್ ಹಮೂದನ ವಿಧವೆ,
ಸಲೂಹಾ


ಮಹದಿಯಾ
೧೯ ಸೆಪ್ಟೆಂಬರ್ ೧೯೮೬

ರಯ್ಸ್ ಹಮೂದರ ಮನೆಯವರಿಗೆ,

ಪತ್ರ ಬಂತು. ನಾನು ಹೇಳುತ್ತಿದ್ದೇನೆ, ಮಗಳು ನಜೀಹಾ ಬರೆಯುತ್ತಿದ್ದಾಳೆ.

ಮೊದಲು ಆ ಟಾರನ್ನು ಕೆರೆಸಿ. ಎಲ್ಲಿ ಸೋರುತ್ತದೆಂದು ತಿಳಿಯದೆ ಮೇಲೆ ಬಳಿದದ್ದೆಲ್ಲ ದಂಡ. ಮುಚ್ಚಳದ ಒಳ ಅಂಚಿಗೆ ಸೀಮೆಸುಣ್ಣ ಉಜ್ಜಿ, ಒಮ್ಮೆ ಬಿಗಿಯಾಗಿ ಮುಚ್ಚಿ ತೆಗೆಯಲಿ. ಬಾಯಿಯ ಸುತ್ತಲ ಕಟ್ಟೆಗೆ ಸುಣ್ಣದ ಗೆರೆ ಎಲ್ಲಿ ಅಂಟಿಲ್ಲವೋ ಅಲ್ಲಿ ಸಂದಿ ಇದೆ. ಅಷ್ಟಕ್ಕೆ ಮಾತ್ರ ಹೊಸ ರಬ್ಬರ್ ಸಾಕು.

ಆಮೇಲೆ ಒಬ್ಬರು ಕೆಳಗೆ ಗೂಡಿನಲ್ಲಿ ಕೂರಲಿ, ಒಬ್ಬರು ಮೇಲೆ ನೀರು ಹಾಕಲಿ. ಬಕೆಟ್ ಎತ್ತಿ ಸುರಿಯಬಾರದು. ಕೆಳ ಅಂಚಿನಿಂದ ಶುರುಮಾಡಿ ಚೂರು ಚೂರೇ ಹಾಕುತ್ತ ಮೇಲಕ್ಕೆ ಬರಬೇಕು. ನೀರು ತೊಟ್ಟಿಕ್ಕುವ ಜಾಗ ಬೇರೆ, ನುಗ್ಗುವ ಜಾಗ ಬೇರೆ. ಅವಸರ ಮಾಡಿದರೆ ಎರಡೂ ಒಂದೇ ಅನ್ನಿಸುತ್ತದೆ.

ನಾನು ಕಟ್ಟಿದ ಬಾಯಿಗಳಿಗೆ ಕಟ್ಟೆ ಎರಡು ಸುತ್ತು ಇರುತ್ತದೆ. ಎರಡರ ನಡುವೆ ಬೆರಳಗಲದ ಕಾಲುವೆ. ಬೇರೆಯವರು ಹಾಗೆ ಮಾಡುವುದಿಲ್ಲ, ಅದಕ್ಕೆ ಅವರಿಗೆ ತಿಳಿದಿರಲಾರದು. ಮೇಲಿನದೆಲ್ಲ ಮಾಡಿಯೂ ಸೋರಿದರೆ ಆ ಕಾಲುವೆಯ ನಾಲ್ಕು ಮೂಲೆಗೆ ಬೆರಳು ಹಾಕಿ ನೋಡಬೇಕು. ಅದನ್ನು ರಿದಾ ಕೈಯಲ್ಲಿ ಮಾಡಿಸಬೇಡಿ. ಬಡಗಿಯೂ ಬೇಡ. ನೀವೇ ನೋಡಿ.

ಅಲ್ಲಿಯವರೆಗೆ ರಿದಾ ಗೂಡಿನೊಳಗೆ ಮಲಗದಿರಲಿ. ಹಿಂದೆ ಚುಕ್ಕಾಣಿಯ ಹತ್ತಿರ ಮೇಲೆಯೇ ಮಲಗಲಿ. ಚಳಿಯಾದರೂ ಒಣಗಿರುತ್ತದೆ.

ಜುಮಾ


ಕ್ರಾತೆನ್
೩೦ ಸೆಪ್ಟೆಂಬರ್ ೧೯೮೬

ಬಡಗಿ ಜುಮಾ ಅವರಿಗೆ,

ನಿಮ್ಮ ಸೀಮೆಸುಣ್ಣದ ಆಟ ಆಡಿದ್ದಾಯಿತು. ವಿದಾದಳ ಶಾಲೆಯ ಚೀಲದಿಂದ ಎರಡು ತುಂಡು ಕದ್ದೆ. ರಿದಾ ಟಾರು ಕೆರೆದು ಉಜ್ಜಿದ, ಮುಚ್ಚಿದ, ತೆಗೆದ. ಸುತ್ತಲೂ ಬೆಳ್ಳಗೆ ಗೆರೆ ಬಂತು, ಮದುಮಗಳ ಕಣ್ಣಿಗೆ ಕಾಡಿಗೆ ಎಳೆದ ಹಾಗೆ, ಒಂದು ಕಡೆಯೂ ತಪ್ಪಿಲ್ಲ. ಆಮೇಲೆ ಅವನು ಕೆಳಗೆ ಕೂತ, ಅವನ ಜತೆಗಾರ ನೀವು ಹೇಳಿದ ಹಾಗೇ ಚೂರು ಚೂರು ನೀರು ಹಾಕಿದ. ನಾನು ದಕ್ಕೆಯ ಕಲ್ಲಿನ ಮೇಲೆ ಕೂತು ನೋಡಿದೆ. ಮೊದಲು ಏನಿಲ್ಲ. ಏನಿಲ್ಲ, ಏನಿಲ್ಲ. ಆಮೇಲೆ ಒಳಗಿಂದ ಕೂಗಿದ: "ಅಮ್ಮಾ, ನಾಲ್ಕೂ ಕಡೆಯಿಂದ ಬರ್ತಾ ಇದೆ! ತುಂಬಿ ಚೆಲ್ದಂಗೆ ಬರ್ತಾ ಇದೆ!"

ನಿಮ್ಮ ಕೊನೇ ಮಾತು ನನಗೆ ಅರ್ಥವಾಗಲಿಲ್ಲ. ಮುದುಕಿ ಹೋಗಿ ಮೂಲೆಗೆ ಬೆರಳು ಹಾಕಬೇಕಂತೆ! ದೋಣಿಯೋ ಮೊಟ್ಟೆಯಿಡುವ ಕೋಳಿಯೋ ಅದು? ಟಾರು ಬಳಿದು ಋತುವಿಗೆ ಸಿದ್ಧವಾದ ದೋಣಿಯನ್ನು ಹೆಂಗಸು ಮೆಟ್ಟಬಾರದೆಂದು ನಿಮಗೆ ನಾನು ಹೇಳಿಕೊಡಬೇಕೇ? ಮೆಟ್ಟಿದರೆ ಸಮುದ್ರ ಕೈ ಕಟ್ಟುತ್ತದೆ, ಇಲ್ಲವೇ ಒಂದು ಜೀವ ಕೇಳುತ್ತದೆ ಅನ್ನುತ್ತಾರೆ. ನನಗೆ ಇರುವುದು ಒಬ್ಬನೇ ಮಗ.

ಒಂದು ಕೇಳುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡಿ. ನೀವು ಯಾಕೆ ನಿಮ್ಮ ಪತ್ರದಲ್ಲಿ ನನ್ನನ್ನು ಒಂದು ಮಾತೂ ಬೈದಿಲ್ಲ? ನಾನು ಕಾಯುತ್ತಿದ್ದೆ. ನೀವು ನಾಲ್ಕು ಬೈದರೆ ನಾನು ಎಂಟು ಬೈಯಬಹುದು, ಲೆಕ್ಕ ಸರಿಹೋಗುತ್ತಿತ್ತು. ಸೀಮೆಸುಣ್ಣ, ರಬ್ಬರ್, ಚಳಿಯಾದರೂ ಒಣಗಿರುತ್ತದೆ. ಇಷ್ಟೇ. ಹಮೂದನೂ ನೀವೂ ಒಂದೇ ಎದೆಯ ಹಾಲು ಕುಡಿದು ಅಣ್ಣತಮ್ಮಂದಿರಾದವರು. ಅವನಿಗೂ ಇದೇ ಕೆಟ್ಟ ಅಭ್ಯಾಸವಿತ್ತು. ಸಿಟ್ಟು ಬಂದಷ್ಟೂ ಮಾತು ಕಡಿಮೆ.

ಸಲೂಹಾ


ಕ್ರಾತೆನ್
೧೪ ಅಕ್ಟೋಬರ್ ೧೯೮೬

ಜುಮಾ,

ಮೈದುನ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬೇಕು. ಮೂವತ್ತು ವರ್ಷ ನಿಮ್ಮನ್ನು ನೀನು ಎಂದು ಕರೆದೆ. ಜಗಳವಾದ ಮೇಲೆ ಸಿಟ್ಟಿಗೆ ನೀವು ಎಂದೆ. ಇವತ್ತು ನೀವು ಎನ್ನುತ್ತಿರುವುದು ಸಿಟ್ಟಿಗಲ್ಲ. ನೀನು ಎನ್ನುವುದಕ್ಕೆ ಮುಖವಿಲ್ಲ.

ನಾಲ್ಕು ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ. ಬರೆದು ಒಲೆಗೆ ಹಾಕುತ್ತೇನೆ. ವಿದಾದ್ "ಅಜ್ಜಿ, ಯಾರಿಗೆ ಇಷ್ಟೊಂದ್ ಬರೀತಿ, ಸರ್ಕಾರಕ್ಕಾ?" ಎಂದು ನಗುತ್ತಾಳೆ.

ಶುಕ್ರವಾರ ಗಂಡಸರೆಲ್ಲ ಮಸೀದಿಗೆ ಹೋದಾಗ ದಕ್ಕೆಗೆ ಹೋದೆ. ಯಾರೂ ಇರಲಿಲ್ಲ. ನಿಮ್ಮ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಚಪ್ಪಲಿ ಬಿಟ್ಟು ದೋಣಿ ಹತ್ತಿದೆ. ಮುಚ್ಚಳ ಎತ್ತಿ ಕಾಲುವೆಯಲ್ಲಿ ಬೆರಳಾಡಿಸಿದೆ. ಮೊದಲನೆಯ ಮೂಲೆ ನುಣ್ಣಗಿತ್ತು. ಎರಡನೆಯದೂ ನುಣ್ಣಗಿತ್ತು. ಮೂರನೆಯದರಲ್ಲಿ ಬಣ್ಣ ಸ್ವಲ್ಪ ಎದ್ದಿತ್ತು. ಉಗುರಿನಿಂದ ಕೆರೆದೆ. ಬಣ್ಣದ ಕೆಳಗೆ ಬಿಳಿ. ಸುಣ್ಣ, ಬೂದಿ, ಆಲಿವ್ ಎಣ್ಣೆ ಕಲಸಿದ ಮೆತ್ತೆ. ನಮ್ಮ ಅಂಗಳದ ಮಳೆನೀರಿನ ತೊಟ್ಟಿಗೆ ಬಿರುಕು ಬಿಟ್ಟರೆ ಮೆತ್ತುತ್ತೇನಲ್ಲ, ಅದೇ. ಅದರ ಮೇಲೆ ಹೆಬ್ಬೆರಳ ಗುರುತು. ನನ್ನ ಬಲ ಹೆಬ್ಬೆರಳಿಗೆ ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಅಡ್ಡ ಗೀರು ಬಿದ್ದಿದೆ. ಸುಣ್ಣದ ಮೇಲೂ ಆ ಗೀರು ಇತ್ತು.

ಹಮೂದ ಸಾಯುವುದಕ್ಕೆ ಮುಂಚಿನ ಬೇಸಗೆ ಅದು. ನೀವು ಜಾರ್ಜಿಸ್‌ನಲ್ಲಿ ದೋಣಿ ಕಟ್ಟಲು ಹೋಗಿದ್ದಿರಿ. ಹಮೂದ ಒಂದು ದಿನ ಊಟಕ್ಕೆ ಕೂತಾಗ ಅಂದ: "ಮುಚ್ಚಳದ ಹತ್ರ ಎರಡು ಹನಿ ಬಿತ್ತು ಕಣೇ. ರಬ್ಬರ್ ಸವೆದಿರ್ಬೇಕು. ಜುಮಾ ಬರ್ಲಿ." ಎರಡೇ ಹನಿ. ಅಷ್ಟಕ್ಕೆ ನನ್ನ ತಲೆ ಓಡಿತು. ರೆಮ್ಲಾದಲ್ಲಿ ಮದುವೆ ಎಂದು ಗಂಡಸರೆಲ್ಲ ಹೋಗಿದ್ದ ಮಧ್ಯಾಹ್ನ ಯಾರಿಗೂ ಕಾಣದ ಹಾಗೆ ದೋಣಿ ಹತ್ತಿ ನೋಡಿದೆ. ಕಾಲುವೆಯ ನಾಲ್ಕು ಮೂಲೆಯಲ್ಲೂ ಕಿರುಬೆರಳು ಹೋಗುವಂಥ ತೂತು! ಅಯ್ಯೋ, ಇಷ್ಟು ದೊಡ್ಡ ತೂತು ಬಿಟ್ಟಿದ್ದಾನಲ್ಲ ಈ ಜುಮಾ, ನೀರು ಬರದೆ ಇನ್ನೇನಾಗುತ್ತದೆ ಅಂದುಕೊಂಡೆ.

ನಿಮಗೆ ಗೊತ್ತು, ಈ ದ್ವೀಪದಲ್ಲಿ ಸಿಹಿನೀರು ಎಂದರೆ ಆಕಾಶದಿಂದ ಬಿದ್ದದ್ದು, ತೊಟ್ಟಿಯಲ್ಲಿ ನಿಂತದ್ದು, ಅಷ್ಟೇ. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ತೊಟ್ಟಿಯಿಂದ ಒಂದು ಲೋಟ ನೀರು ಮಣ್ಣಿಗೆ ಹೋಗಿಲ್ಲ. ಅಕ್ಕಪಕ್ಕದವರು ಬಂದು ಕರೆಯುತ್ತಿದ್ದರು: "ಸಲೂಹಾ, ನಮ್ಮ ತೊಟ್ಟೀಗೂ ನಿನ್ನ ಕೈ ಹಾಕೇ." ನಾನು ತೂತು ಕಂಡರೆ ಮುಚ್ಚುವವಳು. ನೀರು ಹೊರಗೆ ಹೋಗಲಿ ಎಂದೇ ಒಬ್ಬ ಬುದ್ಧಿವಂತ ತೂತು ಕೊರೆಯುತ್ತಾನೆ ಎನ್ನುವುದು ನನ್ನ ತಲೆಗೆ ಹೇಗೆ ಹೊಳೆಯಬೇಕು? ನಾಲ್ಕಕ್ಕೂ ಮೆತ್ತಿದೆ. ಒಣಗಿದ ಮೇಲೆ ಬಣ್ಣ ಹಚ್ಚಿದೆ. ಆ ಸಂಜೆ ಎಷ್ಟು ಹೆಮ್ಮೆಯಿತ್ತೆಂದರೆ ಹಮೂದನಿಗೆ ಹೇಳಿಬಿಡುವುದರಲ್ಲಿದ್ದೆ. ಹೆಂಗಸು ದೋಣಿ ಹತ್ತಿದಳು ಎಂದು ಸಿಟ್ಟಾಗುತ್ತಾನೆ ಎಂದು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಬಾರದಿದ್ದಲ್ಲಿ ಮುಚ್ಚಿದೆ, ತೆರೆಯಬಾರದಿದ್ದಲ್ಲಿ ತೆರೆದೆ.

ಆ ಚಳಿಗಾಲವೆಲ್ಲ ಕಾಲುವೆ ತುಂಬಿ ಒಳಕ್ಕೆ ಚೆಲ್ಲಿತು. "ಬೇರೆ ಬಡಗೀನ ಕರೀರಿ" ಎಂದು ನಾನೇ ಬಾಯಿ ಮಾಡಿದೆ. ಅವನು "ಜುಮಾ ಕೆಲಸಕ್ಕೆ ಬೇರೆಯವರು ಕೈ ಹಾಕೋದು ಬೇಡ, ನವೆಂಬರಿಗೆ ಬರ್ತೀನಂದಿದಾನೆ, ಬರ್ತಾನೆ" ಎಂದ. ನವೆಂಬರ್ ಹೋಯಿತು. ಮಾರ್ಚ್‌ನಲ್ಲಿ ಅವನನ್ನು ಹೂಳಿದೆವು.

ಮೊನ್ನೆ ಶುಕ್ರವಾರ ಮೊಳೆಯಿಂದ ಕೆದಕಿ ನಾಲ್ಕೂ ತೂತು ಬಿಡಿಸಿದೆ. ಒಂದು ಚೊಂಬು ನೀರು ಹಾಕಿದೆ. ಕಾಲುವೆಯಲ್ಲಿ ಓಡಿ ಮೂಲೆಯಿಂದ ಹೊರಕ್ಕೆ ಇಳಿದುಹೋಯಿತು, ಏನೂ ನಡೆದೇ ಇಲ್ಲವೆನ್ನುವ ಹಾಗೆ. ಮಗನ ಹಾಸಿಗೆಯ ಮೇಲೆ ಕೂತು ಬಹಳ ಹೊತ್ತು ಮೇಲೆ ನೋಡಿದೆ. ಒಂದು ಹನಿ ಬೀಳಲಿಲ್ಲ.

ಶನಿವಾರ ಮಳೆ ಬಂತು. ಭಾನುವಾರ ರಿದಾ ನಗುತ್ತ ಮನೆಗೆ ಬಂದ: "ಅಮ್ಮಾ, ಗೂಡು ಒಣಗಿದೆ! ಅಮಾರನ ಟಾರು ಈಗ ಹಿಡೀತು ನೋಡು, ಕೆರೆದ್ರೂ ಒಳಗೆಲ್ಲೋ ಕೂತಿತ್ತು. ಅವನಿಗೆ ಒಂದು ಹಂಡೆ ಒಣಗಿಸಿಟ್ಟ ಆಕ್ಟೋಪಸ್ ಕಳಿಸ್ಬೇಕು." ಕಳಿಸಿದ. ನಾನೇ ತೊಳೆದು, ಬಡಿದು ಮೆತ್ತಗೆ ಮಾಡಿ ಕೊಟ್ಟೆ.

ಒಂದೇ ಪ್ರಶ್ನೆ. ನಿಮಗೆ ಗೊತ್ತಿತ್ತೇ? ಏಳನೇ ದಿನ ನಾನು ದಕ್ಕೆಗೆ ಓಡಿಬಂದು ಬಾಯಿಗೆ ಬಂದ ಹಾಗೆ ಬೈದಾಗ ನೀವು ಆ ಮುಚ್ಚಳದ ಹತ್ತಿರವೇ ಮಂಡಿಯೂರಿ ಕೂತಿದ್ದಿರಿ. ಕೈ ಕಾಲುವೆಯೊಳಗಿತ್ತು. ಅದು ಈಗ ನೆನಪಾಗುತ್ತಿದೆ.

ಸಲೂಹಾ


ಮಹದಿಯಾ
೨೬ ಅಕ್ಟೋಬರ್ ೧೯೮೬

ಅತ್ತಿಗೆ,

ನೀವು ನನ್ನನ್ನು ನೀನು ಎಂದೇ ಕರೆಯಿರಿ. ಇಲ್ಲಿ ಎಲ್ಲರೂ ನನ್ನನ್ನು ಮರ್ಯಾದೆಯಿಂದ ಕರೆಯುತ್ತಾರೆ, ಯಾಕೆಂದರೆ ಯಾರಿಗೂ ನನ್ನ ಪರಿಚಯವಿಲ್ಲ.

ಗೊತ್ತಿತ್ತು. ಬೆರಳಿಗೆ ಸಿಕ್ಕ ತಕ್ಷಣ ಗೊತ್ತಾಯಿತು. ನಮ್ಮಮ್ಮನ ತೊಟ್ಟಿಗೂ ನೀವೇ ಮೆತ್ತಿಕೊಟ್ಟವರು. ಆ ಕೈ ಗೊತ್ತಾಗದೆ ಇರುತ್ತದೆಯೇ? ತಲೆಯೆತ್ತಿ ನೋಡಿದರೆ ನೀವು ಎದುರಿಗೇ ನಿಂತಿದ್ದಿರಿ, ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಗಂಡನನ್ನು ಕಳೆದುಕೊಂಡು ಏಳು ದಿನವಾದ ಹೆಂಗಸಿಗೆ ಇದನ್ನು ತೋರಿಸುವುದು ಹೇಗೆ? ನೀವು ಬೈಯುತ್ತಿದ್ದಾಗ ನಾನು ಮಾಡಿದ್ದು ಒಂದೇ, ಮುಚ್ಚಳ ಮುಚ್ಚಿದ್ದು. ತೂತು ಬಿಡಿಸೋಣವೆಂದರೆ ಆಮೇಲೆ ಯಾರೂ ನನ್ನನ್ನು ಆ ದೋಣಿಯ ಹತ್ತಿರ ಸೇರಿಸಲಿಲ್ಲ.

ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳಬೇಡಿ. ನವೆಂಬರಿಗೆ ಬರುತ್ತೇನೆಂದು ಹೇಳಿ ನಾನು ಬರಲಿಲ್ಲ. ಜಾರ್ಜಿಸ್‌ನಲ್ಲಿ ಕೆಲಸ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಇನ್ನೊಂದು ದೋಣಿ ಮುಗಿಸಿ ಹೋಗೋಣ, ಇನ್ನೊಂದು ಮುಗಿಸಿ ಹೋಗೋಣ ಎಂದು ಕೂತೆ. ಹಮೂದ ಎರಡು ಸಲ ಹೇಳಿಕಳಿಸಿದ. ಎರಡನೇ ಸಲ "ತಮ್ಮಾ, ಹಾಸಿಗೆ ಒದ್ದೆ" ಎಂದಷ್ಟೇ ಹೇಳಿಕಳಿಸಿದ್ದ. ನಾನು ನಗುತ್ತ "ಮುದುಕ ಆದ, ಉಚ್ಚೆ ಹೊಯ್ಕೊಳ್ತಿರ್ಬೇಕು" ಎಂದು ಅಲ್ಲಿದ್ದವರ ಜತೆ ತಮಾಷೆ ಮಾಡಿದೆ. ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ನೀವು ದಕ್ಕೆಯಲ್ಲಿ ಅಂದದ್ದರಲ್ಲಿ ತಪ್ಪು ಬೇರೆಯದಿತ್ತು, ಬೈಗುಳ ಬಿದ್ದ ತಲೆ ಮಾತ್ರ ಸರಿಯಾದದ್ದೇ. ಅದಕ್ಕೇ ಊರು ಬಿಟ್ಟೆ. ನೀವು ಓಡಿಸಿದ್ದಲ್ಲ.

ಕೆಲಸ ಹೋದದ್ದು ನಿಜ. ಹೆಣ ಕೆಡವಿದ ಬಡಗಿ ಎಂದು ಹೆಸರಾದ ಮೇಲೆ ಯಾರು ದೋಣಿ ಕೊಡುತ್ತಾರೆ? ಇಲ್ಲಿ ಅಳಿಯನ ಅಂಗಡಿಯಲ್ಲಿ ಕಪಾಟಿನ ಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತೇನೆ. ಅಂದು ನೀವು ಇನ್ನೊಂದು ಮಾತೂ ಅಂದಿರಿ, "ಕೈ ನಡುಗೋನಿಗೆ ಉಳಿ ಯಾಕೆ" ಎಂದು. ಅಂದು ನಡುಗುತ್ತಿರಲಿಲ್ಲ ಅತ್ತಿಗೆ. ಈಗ ನಡುಗುತ್ತದೆ. ನಜೀಹಾ ಬರೆಯುತ್ತಿರುವುದು ಅದಕ್ಕೇ. ಈ ಸಾಲನ್ನು ಬರೆಸಬೇಡಪ್ಪಾ ಎಂದು ಹಟ ಹಿಡಿದಿದ್ದಳು.

ಅಮಾರನಿಗೆ ಹೆಸರು ಬಂದರೆ ಬರಲಿ. ದಕ್ಕೆಯಲ್ಲಿ ಬಾಯಿ ಬಿಡಬೇಡಿ. ನೀವು ದೋಣಿ ಮೆಟ್ಟಿದ್ದಕ್ಕೇ ಸಮುದ್ರ ಹಮೂದನನ್ನು ಕೇಳಿತು ಎನ್ನುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ರಿದಾ ಕಿವಿಗೆ ಅದು ಬೀಳುತ್ತದೆ. ಗೂಡು ಒಣಗಿದೆ, ಮಗ ಬದುಕಿದ್ದಾನೆ. ಬಿಟ್ಟುಬಿಡಿ.

ನಿಮ್ಮ ಮೈದುನ,
ಜುಮಾ

(ಚಿಕ್ಕ ಅಕ್ಷರದಲ್ಲಿ, ಕೆಳಗೆ:) ಅಪ್ಪ ಮಲಗಿದ ಮೇಲೆ ನಾನೇ ಬರೆಯುತ್ತಿದ್ದೇನೆ, ದೊಡ್ಡಮ್ಮ. ಅಪ್ಪ ನಾಲ್ಕು ವರ್ಷದಿಂದ ಬಂದರಿನ ಕಡೆಗೆ ಹೋಗಿಲ್ಲ. ಪೇಟೆಗೆ ಹೋಗುವಾಗಲೂ ಸುತ್ತುದಾರಿ ಹಿಡಿಯುತ್ತಾರೆ. ಅವರು ಬಿಟ್ಟುಬಿಡಿ ಎಂದಿದ್ದಾರೆ. ನಾನು ಹಾಗೆ ಹೇಳಲಾರೆ. — ನಜೀಹಾ


ಕ್ರಾತೆನ್
೯ ನವೆಂಬರ್ ೧೯೮೬

ಮೈದುನ,

ನೀನು ಬೇಡವೆಂದೆ. ನಾನು ಯಾವತ್ತು ನಿನ್ನ ಮಾತು ಕೇಳಿದ್ದೇನೆ?

ಗುರುವಾರ ಬೆಳಿಗ್ಗೆ ದಕ್ಕೆಗೆ ಹೋದೆ. ಅಂದು ನಿನ್ನನ್ನು ಬೈದಾಗ ಯಾರ್ಯಾರು ನಿಂತು ಕೇಳಿದ್ದರೋ ಅವರಲ್ಲಿ ಸತ್ತವರನ್ನು ಬಿಟ್ಟು ಮಿಕ್ಕವರೆಲ್ಲ ಇದ್ದರು. ಬಲೆ ಹರವಿಕೊಂಡು ಸಾಸಿ ಕೂತಿದ್ದ, ಹಲ್ಲೆಲ್ಲ ಬಿದ್ದರೂ ನಾಲಿಗೆ ಬಿದ್ದಿಲ್ಲ. ಅಮಾರನೂ ಇದ್ದ. ನಾನು ನಿಂತುಕೊಂಡು ಹೇಳಿದೆ. ನೌರಸ ಸೋರಿದ್ದು ಜುಮಾನ ತಪ್ಪಲ್ಲ, ಅಮಾರನ ಟಾರಿನಿಂದ ನಿಂತದ್ದೂ ಅಲ್ಲ, ತೂತು ಮುಚ್ಚಿದವಳು ನಾನು, ತೆಗೆದವಳೂ ನಾನು ಎಂದೆ.

ಅವರು ಏನು ಮಾಡಿದರು ಗೊತ್ತೇ? ನಕ್ಕರು.

"ವಯಸ್ಸಾಯ್ತು ನೋಡಿ, ಸಲೂಹಾಗೂ ಮನಸ್ಸು ಮೆತ್ತಗಾಗಿದೆ" ಎಂದ ಸಾಸಿ. "ಜುಮಾ ಮೇಲೆ ಕರುಣೆ ಬಂದು ಪಾಪ ತಲೆ ಮೇಲೆ ಹೊತ್ಕೊಳ್ತಾ ಇದಾಳೆ."

"ದೊಡ್ಡಮ್ಮ, ನನ್ನ ಆಕ್ಟೋಪಸ್ ವಾಪಸ್ ಬೇಕಾದ್ರೆ ಹಾಗಂತ ಕೇಳಿ. ತಿಂದಾಗಿದೆ ಮಾತ್ರ" ಎಂದ ಅಮಾರ.

ನಾನು ಆಣೆ ಮಾಡಿದೆ. ಇನ್ನೂ ನಕ್ಕರು. ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಅಂದು ಸುಳ್ಳು ಹೇಳಿದೆ, ಒಬ್ಬರೂ ಸಾಕ್ಷಿ ಕೇಳಲಿಲ್ಲ. ಒಂದು ಮಾತಿಗೆ ಒಬ್ಬ ಮನುಷ್ಯನ ಕೈಯಿಂದ ಉಳಿ ಕಿತ್ತುಕೊಂಡರು. ಇವತ್ತು ನಿಜ ಹೇಳಿದರೆ ಮುದುಕಿಗೆ ಅರಳುಮರಳು. ನನ್ನ ನಾಲಿಗೆಗೆ ಕೊಲ್ಲುವ ಶಕ್ತಿ ಮಾತ್ರ ಇದೆ, ಬದುಕಿಸುವ ಶಕ್ತಿ ಇಲ್ಲ ಎಂದು ಅಲ್ಲಿ ನಿಂತು ತಿಳಿಯಿತು.

ಮನೆಗೆ ಹೋಗಿ ಸುಣ್ಣ, ಬೂದಿ, ಎಣ್ಣೆ ಕಲಸಿದೆ. ಒಂದು ಡಬ್ಬಿಯಲ್ಲಿ ಹಾಕಿಕೊಂಡು ವಾಪಸ್ ಬಂದೆ. ಚಪ್ಪಲಿ ಬಿಟ್ಟು, ಹಾಡಹಗಲು, ಎಲ್ಲರೂ ನೋಡುತ್ತಿದ್ದಂತೆ ದೋಣಿ ಹತ್ತಿದೆ. ಋತು ಶುರುವಾಗಿ ಮೂರು ವಾರವಾಗಿದೆ! "ಇಳಿಯ್ರೀ ದೊಡ್ಡಮ್ಮ! ಏನ್ ಮಾಡ್ತಾ ಇದೀರಿ! ರಿದಾ ಎಲ್ಲಿ, ರಿದಾನ ಕರೀರೋ!" ಎಂದು ಕೂಗಾಟ ಎದ್ದಿತು. ಯಾರೂ ಹತ್ತಿರ ಬರಲಿಲ್ಲ. ಹೆಂಗಸು ಮೆಟ್ಟಿದ ದೋಣಿ ಹತ್ತಲು ಅವರಿಗೆ ಹೆದರಿಕೆ.

"ಸಾಸಿ, ನೀನು ಗಂಡಸಾದ್ರೆ ಒಳಗೆ ಹೋಗಿ ಹಮೂದ ಮಲಗ್ತಿದ್ದಲ್ಲಿ ಮಲಕ್ಕೋ" ಎಂದೆ. ಅವನಿಗೆ ಎಂಬತ್ತು ವರ್ಷ. ಎಲ್ಲರೆದುರು ಗಂಡಸುತನದ ಮಾತು ಬಂದಾಗ ಬಿಡುತ್ತಾನೆಯೇ? ಗೊಣಗುತ್ತ ಇಳಿದ. ನಾಲ್ಕು ತೂತಿಗೂ ಸುಣ್ಣ ಮೆತ್ತಿದೆ. ಮುಚ್ಚಳ ಹಾಕಿದೆ. ಚೊಂಬಿನಿಂದ ನೀರು ಹಾಕಿದೆ, ನೀನು ಬರೆದಿದ್ದೆಯಲ್ಲ, ಚೂರು ಚೂರು. ಹತ್ತನೇ ಚೊಂಬಿಗೆ ಒಳಗಿಂದ ಸಾಸಿ ಬಾಯಿಗೆ ಬಂದದ್ದನ್ನೆಲ್ಲ ಅಂದ. ಮುಖದ ಮೇಲೇ ಸುರಿದಿತ್ತು.

ಮೇಲೆ ಬರಬೇಡ, ಅಲ್ಲೇ ಇರು ಎಂದೆ. ಸುಣ್ಣ ಕೆರೆದು ತೆಗೆದೆ. ಮತ್ತೆ ಮುಚ್ಚಿ ಹಾಕಿದೆ ನೀರು. ಹತ್ತು ಚೊಂಬು, ಇಪ್ಪತ್ತು ಚೊಂಬು. ಮೂಲೆಗಳಿಂದ ನೀರು ಹೊರಕ್ಕೆ ಹರಿದು ನನ್ನ ಕಾಲು ತೋಯಿಸಿತು. ಒಳಗಿಂದ ಸದ್ದೇ ಇಲ್ಲ. ಮುಚ್ಚಳ ಎತ್ತಿದರೆ ಸಾಸಿ ಅಂಗಾತ ಮಲಗಿ ಮೇಲೆ ನೋಡುತ್ತಿದ್ದ. ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡಿದ್ದ. "ಇಡೀ ಚಳಿಗಾಲ ಅವನು ಹೀಗೇ ಮಲಗಿದ್ನಾ ಸಲೂಹಾ?" ಎಂದ. ನಾನು ಹೌದು ಎಂದೆ.

ಆಮೇಲೆ ಯಾರೂ ನಗಲಿಲ್ಲ.

ನಿನಗೆ ಬೇಕಾದದ್ದು ಇಷ್ಟೇ, ಉಳಿದದ್ದನ್ನು ಬರೆಯದಿದ್ದರೂ ನಡೆಯುತ್ತದೆ. ಪಕ್ಕದ ಊರು ಅಲ್-ಅತ್ತಾಯಾದ ಇಬ್ಬರು ನಿನ್ನ ವಿಳಾಸ ಕೇಳಿದರು, ಕೊಟ್ಟೆ. ಒಬ್ಬನ ದೋಣಿ ನೀನೇ ಕಟ್ಟಿದ್ದು. ಬೇರೆಯವರ ಕೈಯಲ್ಲಿ ಉಳಿ ಕೊಟ್ಟು ನೀನು ಪಕ್ಕದಲ್ಲಿ ಕೂತು ಹೇಳಿದರೂ ಸಾಕಂತೆ. ಅಮಾರನಂತೂ "ಆ ತೂತು ಎಷ್ಟು ಓರೆಗೆ ಕೊರೀಬೇಕು, ಜುಮಾ ಚಿಕ್ಕಪ್ಪನ್ನ ಕೇಳಿ ಬರೀರಿ" ಎಂದು ನನ್ನನ್ನೇ ಕೇಳುತ್ತಾನೆ. ನಾಚಿಕೆಯಿಲ್ಲದವನು. ನನಗಿಂತ ಕಡಿಮೆಯೇನಲ್ಲ.

ಆದರೆ ಉಳಿದದ್ದನ್ನೂ ಬರೆಯುತ್ತೇನೆ. ರಿದಾ ಬಂದಿದ್ದ. ಯಾರೋ ಓಡಿಹೋಗಿ ಕರೆದಿದ್ದರು. ಯಾವಾಗಿನಿಂದ ನಿಂತಿದ್ದನೋ, ದಕ್ಕೆಯ ತುದಿಯಲ್ಲಿ ಹಗ್ಗದ ಸುರುಳಿ ಹೆಗಲ ಮೇಲೆ ಹಾಕಿಕೊಂಡು ನಿಂತೇ ಇದ್ದ. ನಾನು ಇಳಿದು ಬಂದೆ. ಅವನು ಒಂದೇ ಕೇಳಿದ.

"ಅಪ್ಪನಿಗೆ ಗೊತ್ತಿತ್ತಾ?"

"ಇಲ್ಲ."

ನನ್ನ ಕೈಯಿಂದ ಚೊಂಬು ತೆಗೆದುಕೊಂಡ. ದೋಣಿಯ ಮೇಲೆ ಚೆಲ್ಲಿದ್ದ ಸುಣ್ಣವನ್ನೆಲ್ಲ ತೊಳೆದ. ನನ್ನ ಚಪ್ಪಲಿಯನ್ನು ತಂದು ಕಾಲ ಹತ್ತಿರ ಇಟ್ಟ. ಹೊರಟುಹೋದ.

ಮೂರು ದಿನವಾಯಿತು. ಮನೆಯಲ್ಲಿ ಊಟಕ್ಕೆ ಕೂರುತ್ತಾನೆ, ತಟ್ಟೆ ಖಾಲಿ ಮಾಡುತ್ತಾನೆ, ಏಳುತ್ತಾನೆ. ಹೆಂಡತಿ ಜತೆ ಮಾತಾಡುತ್ತಾನೆ, ವಿದಾದ್ ಜತೆ ನಗುತ್ತಾನೆ ಕೂಡ. ನಾನು ಬಂದರೆ ಕಿಟಕಿಯ ಕಡೆ ನೋಡುತ್ತಾನೆ. ಸಮುದ್ರ ಜೀವ ಕೇಳಿತು ಎಂದು ದಕ್ಕೆಯಲ್ಲಿ ಆಡುವವರು ಆಡುತ್ತಿದ್ದಾರೆ. ಅದನ್ನು ಅವನು ನಂಬುವುದಿಲ್ಲ, ನನಗೆ ಗೊತ್ತು. ಅವನು ನಂಬುವುದು ಸುಣ್ಣವನ್ನು. ಅದು ಇನ್ನೂ ಕಷ್ಟ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ರಿದಾ ಕೈಯಲ್ಲಿ ಕೊಡುತ್ತಿದ್ದೇನೆ. ನಿನ್ನನ್ನು ನೋಡಲು ಹೋಗುತ್ತೇನೆಂದು ಅವನೇ ಹೆಂಡತಿಗೆ ಹೇಳಿದ. ಅವಳು ನನಗೆ ಹೇಳಿದಳು. ನಿನ್ನ ಮುಂದೆ ಕೂತು ಅವನು ಕೇಳುವುದು ಒಂದೇ: ಅಪ್ಪ ಸತ್ತದ್ದು ಅಮ್ಮನಿಂದಲೋ, ಅಥವಾ ಹೇಗಿದ್ದರೂ ಸಾಯುತ್ತಿದ್ದನೋ. ನನಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದರೂ ನನ್ನ ಬಾಯಿಂದ ಬಂದದ್ದು ಅವನಿಗೆ ಬೇಡ. ಹಮೂದ ಚಿಕ್ಕಂದಿನಿಂದ ಹೇಗಿದ್ದ, ಎದೆ ಎಷ್ಟು ಗಟ್ಟಿಯಿತ್ತು, ಮೊದಲೂ ಕೆಮ್ಮುತ್ತಿದ್ದನೇ ಎಂದು ನಿನಗೆ ಗೊತ್ತು. ನಿನಗೆ ಏನು ನಿಜವೆಂದು ಕಾಣುತ್ತದೋ ಅದನ್ನು ಹೇಳು. ನನಗೋಸ್ಕರ ಒಂದು ಮಾತನ್ನೂ ಮೆತ್ತಗೆ ಮಾಡಬೇಡ. ಒಮ್ಮೆ ಮಾಡಿದೆ, ನಾಲ್ಕು ವರ್ಷ ಉಪ್ಪುಕಾಗದ ಉಜ್ಜಿದೆ.

ಅವನಿಗೆ ಬೆನ್ನಿಗೆ ಗಾಳಿ ತಾಗದಂತೆ ಒಳಕೋಣೆಯಲ್ಲಿ ಹಾಸಿಗೆ ಹಾಕಿಸು. ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ.

ನೀನು ಹೇಳಿದ ಮೇಲೆ ಅವನು ಮನೆಗೆ ಬಂದರೂ ಸರಿ, ಬರದಿದ್ದರೂ ಸರಿ. ಕೇಳುವ ಹಕ್ಕು ಅವನದು, ಹೇಳುವ ಹಕ್ಕು ನಿನ್ನದು. ನಾನು ಬಾಗಿಲಲ್ಲಿ ಕೂತಿರುತ್ತೇನೆ.

ಸಲೂಹಾ